ಪ್ರಯೋಗಶಾಲೆಯ ಇಲಿಯೂ ಅದರ ಕ್ಷೇಮವೂ

ಒಂದು ಸಣ್ಣ ಬಟ್ಟಲಿನಲ್ಲಿ ಎರಡು ಚಮಚೆಯಷ್ಟು ಬಿಸಿನೀರಿದೆ; ಅದರ ಉಷ್ಣತೆಯನ್ನು ಅಳೆಯಬೇಕಾಗಿದೆ. ದಪ್ಪ ಬುರುಡೆಯ ತಣ್ಣನೆಯ ಉಷ್ಣಮಾಪಕವೊಂದನ್ನು ಅದರಲ್ಲಿ ಅದ್ದಿದೆವು ಎನ್ನೋಣ. ಉಷ್ಣಮಾಪಕವು ಬಿಸಿಯಾಗಬೇಕಾದರೆ ಆ ನೀರಿನಿಂದಲೇ ಶಾಖವನ್ನು ಪಡೆಯಬೇಕು. ನೀರು ಅಷ್ಟರಮಟ್ಟಿಗೆ ತಣಿಯುತ್ತದೆ. ಕೊನೆಗೆ ನಾವು ಓದುವ ಅಂಕಿಯು ನೀರಿಗೆ ಮೊದಲಿದ್ದ ಉಷ್ಣತೆಯನ್ನು ಸೂಚಿಸದೆ, ನಮ್ಮ ಕೈವಾಡದ ಬಳಿಕ ಉಳಿದ ಉಷ್ಣತೆಯನ್ನು ಸೂಚಿಸುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ನಾವು ಕಲಿಸುವ ಮೊದಲ ಪಾಠಗಳಲ್ಲಿ ಇದೊಂದು: ಅಳೆಯುವ ಕ್ರಿಯೆಯು ಅಳೆಯಬೇಕಾದ ವಸ್ತುವನ್ನು ಆದಷ್ಟು ಕಡಿಮೆ ಕದಡಬೇಕು.

ಈ ಪಾಠವು ಜೀವಶಾಸ್ತ್ರಕ್ಕೂ ಸಲ್ಲುತ್ತದೆ. ಅಲ್ಲಿ ಅದನ್ನು ಮರೆತುದರ ಫಲವನ್ನು ಒಂದು ಮೂಕ ಪ್ರಾಣಿಯು ತನ್ನ ಮೈಯಲ್ಲಿ ಅನುಭವಿಸುತ್ತದೆ. ಆ ಪ್ರಾಣಿಯೇ ಇಲಿ. ವೈದ್ಯಕೀಯ ಸಂಶೋಧನೆಯಲ್ಲಿ ಇಲಿಗಳಷ್ಟು ಬಳಕೆಯಲ್ಲಿರುವ ಸಸ್ತನಿಗಳು ಬೇರೆ ಇಲ್ಲ. ಮಾತಿನಲ್ಲಿ ನಾವು ಎಲ್ಲವನ್ನೂ ಇಲಿ ಎಂದೇ ಕರೆದರೂ ಪ್ರಯೋಗಶಾಲೆಯಲ್ಲಿರುವುದು ಮುಖ್ಯವಾಗಿ ಎರಡು ಜಾತಿ: ಸುಮಾರು ೨೫ ಗ್ರಾಂ ತೂಗುವ ಚಿಟ್ಟಿಲಿ ಒಂದು, ಅದರ ಹತ್ತು ಪಟ್ಟಿಗೂ ಮಿಗಿಲಾಗಿ ತೂಗುವ ದೊಡ್ಡಿಲಿ ಇನ್ನೊಂದು. ಹೊಸ ಔಷಧವು ಕೆಲಸ ಮಾಡುತ್ತದೆಯೆ, ಅದರಲ್ಲಿ ವಿಷವಿದೆಯೆ, ಒಂದು ರೋಗವು ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆಗಳನ್ನು ವಿಜ್ಞಾನಿಗಳು ಮೊದಲು ಇವುಗಳನ್ನೇ ಕೇಳುತ್ತಾರೆ. ಅಂದಮೇಲೆ ಇಲಿಯು ಒಂದು ರೀತಿಯಲ್ಲಿ ಉಪಕರಣದ ಸ್ಥಾನದಲ್ಲಿ ನಿಂತಿದೆ. ಆ ಉಪಕರಣವು ನಡುಗುತ್ತಿದ್ದರೆ, ಹೆದರಿದ್ದರೆ, ನೋಯುತ್ತಿದ್ದರೆ ಅದು ಕೊಡುವ ಉತ್ತರ ಎಂಥದು?

ಮೂರು ಊರುಗಳ ಒಗಟು

ಒಡಹುಟ್ಟುಗಳನ್ನೇ ಇಪ್ಪತ್ತು ಪೀಳಿಗೆಗಳವರೆಗೆ ಕೂಡಿಸುತ್ತ ಹೋದರೆ ದೊರೆಯುವ ತಳಿಯ ಇಲಿಗಳೆಲ್ಲವೂ ಆನುವಂಶಿಕವಾಗಿ ಹೆಚ್ಚುಕಡಮೆ ಒಂದೇ ಅಚ್ಚಿನವು. ೧೯೯೯ರಲ್ಲಿ ಜಾನ್ ಕ್ರಾಬ್ ಮತ್ತು ಅವರ ಸಹೋದ್ಯೋಗಿಗಳು ಇಂಥ ಚಿಟ್ಟಿಲಿಗಳನ್ನು ಅಮೆರಿಕದ ಆಲ್ಬನಿ ಮತ್ತು ಪೋರ್ಟ್‌ಲೆಂಡ್, ಕೆನಡದ ಎಡ್ಮಂಟನ್ ಎಂಬ ಮೂರು ಊರುಗಳ ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ತಳಿಗಳೂ ಅವೇ, ಪರೀಕ್ಷೆಗಳೂ ಅವೇ. ಉಪಕರಣಗಳು, ಇಲಿಗಳ ವಯಸ್ಸು, ಪರೀಕ್ಷೆಯ ದಿನ, ಹೊತ್ತು ಎಲ್ಲವನ್ನೂ ಸಾಧ್ಯವಾದಷ್ಟು ಒಂದೇ ಬಗೆಯಾಗಿ ಇರಿಸಲಾಗಿತ್ತು. ಆದರೂ ಹಲವು ಪರೀಕ್ಷೆಗಳಲ್ಲಿ ಫಲಿತಾಂಶವು ಊರಿಂದೂರಿಗೆ ಬೇರೆಯಾಯಿತು. ಒಂದು ಕಡೆ ಪರೀಕ್ಷೆ ನಡೆಸಿದವರಿಗೆ ಇಲಿಗಳ ಸಂಪರ್ಕವು ಒಗ್ಗದುದರಿಂದ ಅವರು ಉಸಿರಾಟದ ಮುಖವಾಡವನ್ನು ಧರಿಸಿಯೇ ಕೆಲಸ ಮಾಡಬೇಕಾಯಿತೆಂಬ ಸಂಗತಿಯೂ ವರದಿಯಲ್ಲಿದೆ. ಬರೆದಿಟ್ಟ ನಿಯಮಗಳೆಲ್ಲ ಒಂದೇ ಆಗಿದ್ದರೂ ಇಲಿಗಳಿಗೆ ಮಾತ್ರ ಮೂರು ಬೇರೆ ಬೇರೆ ಲೋಕಗಳು ಕಂಡಿದ್ದುವೆಂದು ಊಹಿಸಬೇಕಾಗುತ್ತದೆ.

ಇಲಿಗೆ ಕಾಣುವ ಲೋಕ ಯಾವುದು? ಭೌತಶಾಸ್ತ್ರಕ್ಕೆ ಹತ್ತಿರವಾದ ಶಾಖದಿಂದಲೇ ಪ್ರಾರಂಭಿಸೋಣ.

ನಮಗೆ ಹಿತ, ಇಲಿಗೆ ಚಳಿ

ಪ್ರಯೋಗಶಾಲೆಯ ಪ್ರಾಣಿಗೃಹಗಳ ಉಷ್ಣತೆಯನ್ನು ಸಾಮಾನ್ಯವಾಗಿ ೨೦ರಿಂದ ೨೪ ಡಿಗ್ರಿ ಸೆಂಟಿಗ್ರೇಡಿನವರೆಗೆ ಇರಿಸುವುದು ವಾಡಿಕೆ. ನಿಲುವಂಗಿ ತೊಟ್ಟು ಓಡಾಡುವ ಮನುಷ್ಯನಿಗೆ ಇದು ಹಿತಕರ. ಚಿಟ್ಟಿಲಿಗೆ ಹೇಗೆ?

ಪಕ್ಕ ಒಂದು ಸೆಂಟಿಮೀಟರಿನ ಘನಾಕೃತಿಯೊಂದನ್ನು ತೆಗೆದುಕೊಳ್ಳಿ. ಅದರ ಮೇಲ್ಮೈ ೬ ಚದರ ಸೆಂಟಿಮೀಟರು, ಗಾತ್ರ ೧ ಘನ ಸೆಂಟಿಮೀಟರು. ಪಕ್ಕವನ್ನು ಹತ್ತು ಸೆಂಟಿಮೀಟರಿಗೆ ಏರಿಸಿದರೆ ಮೇಲ್ಮೈ ೬೦೦ ಆಗುತ್ತದೆ. ಗಾತ್ರವಾದರೋ ೧೦೦೦ಕ್ಕೆ ಏರುತ್ತದೆ. ಚಿಕ್ಕದರಲ್ಲಿ ಒಂದು ಘನ ಸೆಂಟಿಮೀಟರಿಗೆ ೬ ಚದರ ಸೆಂಟಿಮೀಟರು ಮೇಲ್ಮೈ ಇದ್ದರೆ, ದೊಡ್ಡದರಲ್ಲಿ ೦.೬ ಮಾತ್ರ. ಶಾಖವು ಹುಟ್ಟುವುದು ಮೈಯೊಳಗೆಲ್ಲ, ಸೋರಿಹೋಗುವುದು ಮೇಲ್ಮೈಯಿಂದ. ಆದುದರಿಂದ ಪ್ರಾಣಿಯು ಚಿಕ್ಕದಾದಷ್ಟೂ ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಶಾಖವನ್ನು ಕಳೆದುಕೊಳ್ಳುತ್ತದೆ. ೬೦ ಕಿಲೋಗ್ರಾಂ ತೂಗುವ ಮನುಷ್ಯನು ೨೫ ಗ್ರಾಂ ಚಿಟ್ಟಿಲಿಗಿಂತ ೨,೪೦೦ ಪಟ್ಟು ಭಾರ. ಈ ಸಂಖ್ಯೆಯ ಘನಮೂಲವು ಸುಮಾರು ೧೩. ಇಬ್ಬರ ಆಕಾರವೂ ಒಂದೇ ಎಂದು ಒರಟಾಗಿ ಭಾವಿಸಿದರೆ, ತೂಕದ ಪ್ರತಿ ಗ್ರಾಮಿಗೆ ಚಿಟ್ಟಿಲಿಯ ಮೇಲ್ಮೈ ನಮ್ಮದರ ಹದಿಮೂರರಷ್ಟಾಗುತ್ತದೆ.

ತನ್ನ ಮೈಯ ಬಿಸಿಯನ್ನು ಕಾಪಾಡಿಕೊಳ್ಳಲು ವಿಶೇಷ ಶ್ರಮ ಬೇಡದ ಉಷ್ಣತೆಯು ಚಿಟ್ಟಿಲಿಗೆ ಸುಮಾರು ೩೦ ಡಿಗ್ರಿ. ೨೨ ಡಿಗ್ರಿಯ ಕೋಣೆಯಲ್ಲಿ ಅದು ಹಗಲಿರುಳೂ ಹೆಚ್ಚು ತಿಂದು, ಹೆಚ್ಚು ಉರಿಸಿ, ಹೃದಯವನ್ನು ಹೆಚ್ಚು ವೇಗವಾಗಿ ಬಡಿಸಿಕೊಂಡು ಬದುಕಬೇಕು. ಅದು ಸಾಯುವುದಿಲ್ಲ, ಮರಿಗಳನ್ನೂ ಹಾಕುತ್ತದೆ. ಆದುದರಿಂದಲೇ ಈ ಚಳಿಯು ಬಹುಕಾಲ ಯಾರ ಗಮನಕ್ಕೂ ಬೀಳಲಿಲ್ಲ.

೨೦೧೩ರಲ್ಲಿ ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯಲ್ಲಿ ಎಲಿಜಬೆತ್ ರೆಪಾಸ್ಕಿ ಮತ್ತು ಅವರ ತಂಡದವರು ಪ್ರಕಟಿಸಿದ ಶೋಧನೆಯೊಂದು ಇಲ್ಲಿ ಉಲ್ಲೇಖಾರ್ಹ. ಕ್ಯಾನ್ಸರ್ ಗಡ್ಡೆಗಳುಳ್ಳ ಚಿಟ್ಟಿಲಿಗಳಲ್ಲಿ ಕೆಲವನ್ನು ವಾಡಿಕೆಯ ೨೨-೨೩ ಡಿಗ್ರಿಯಲ್ಲಿಯೂ ಕೆಲವನ್ನು ೩೦-೩೧ ಡಿಗ್ರಿಯಲ್ಲಿಯೂ ಅವರು ಸಾಕಿದರು. ಬೆಚ್ಚಗಿದ್ದ ಇಲಿಗಳಲ್ಲಿ ಗಡ್ಡೆಗಳು ನಿಧಾನವಾಗಿ ಬೆಳೆದುವು. ದೇಹದ ರೋಗನಿರೋಧಕ ಶಕ್ತಿಯು ಗಡ್ಡೆಯೊಡನೆ ಹೆಚ್ಚು ಸಮರ್ಥವಾಗಿ ಹೋರಾಡಿತು. ಅಂದರೆ ಎಷ್ಟೋ ಪ್ರಯೋಗಗಳಲ್ಲಿ ನಾವು ಅಳೆದುದು ಕ್ಯಾನ್ಸರನ್ನಷ್ಟೇ ಆಗಿರಲಿಲ್ಲ, ಚಳಿಯಲ್ಲಿರುವ ಪ್ರಾಣಿಯ ಕ್ಯಾನ್ಸರನ್ನು.

ಹಾಗಾದರೆ ಕೋಣೆಗಳನ್ನೆಲ್ಲ ೩೦ ಡಿಗ್ರಿಗೆ ಏರಿಸಿಬಿಡೋಣವೆ? ಕೆಲಸ ಮಾಡುವ ಜನರಿಗೆ ಅದು ಕಷ್ಟ. ಅಲ್ಲದೆ ಇಲಿಗೂ ಎಲ್ಲ ಹೊತ್ತಿನಲ್ಲಿಯೂ ಒಂದೇ ಉಷ್ಣತೆ ಬೇಕಾಗಿಲ್ಲ. ಓಡಾಡುವಾಗ ಬೇಕಾದುದಕ್ಕಿಂತ ಮಲಗುವಾಗ ಹೆಚ್ಚಿನ ಬಿಸಿ ಬೇಕು. ಇದಕ್ಕೆ ಇಲಿಯೇ ಕಂಡುಕೊಂಡಿರುವ ಪರಿಹಾರ ಗೂಡು. ಕಂಬಳಿಯು ತಾನಾಗಿ ಬಿಸಿಯನ್ನು ಕೊಡುವುದಿಲ್ಲ. ನೂಲಿನ ಎಡೆಗಳಲ್ಲಿ ಗಾಳಿಯನ್ನು ಹಿಡಿದಿಟ್ಟು ನಮ್ಮ ಬಿಸಿಯನ್ನು ನಮಗೇ ಉಳಿಸುತ್ತದೆ. ಸೀಳಿದ ಕಾಗದದ ಗೂಡೂ ಹಾಗೆಯೇ. ಬ್ರಿಯಾನಾ ಗ್ಯಾಸ್ಕಿಲ್, ಜೋಸೆಫ್ ಗಾರ್ನರ್ ಮೊದಲಾದವರ ಅಧ್ಯಯನಗಳಿಂದ, ಪ್ರತಿ ಪಂಜರಕ್ಕೆ ೮ರಿಂದ ೧೦ ಗ್ರಾಂನಷ್ಟು ಒಳ್ಳೆಯ ಗೂಡುಸಾಮಗ್ರಿಯನ್ನು ಒದಗಿಸಿದರೆ ಚಿಟ್ಟಿಲಿಗಳು ತಾವೇ ಮುಚ್ಚಿಗೆಯುಳ್ಳ ಗೂಡನ್ನು ಕಟ್ಟಿಕೊಂಡು ಚಳಿಯನ್ನು ಬಹುಮಟ್ಟಿಗೆ ನಿವಾರಿಸಿಕೊಳ್ಳುತ್ತವೆಂದು ತಿಳಿದುಬಂದಿದೆ. ಒಂದು ಹಿಡಿ ಕಾಗದದ ಬೆಲೆಯೆಷ್ಟು!

ನಾವು ಕೇಳದ ಸದ್ದು, ನಾವು ಕಾಣುವ ಬೆಳಕು

ಮನುಷ್ಯನ ಕಿವಿಗೆ ಸೆಕೆಂಡಿಗೆ ೨೦ರಿಂದ ೨೦,೦೦೦ ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ದೊಡ್ಡಿಲಿ, ಚಿಟ್ಟಿಲಿಗಳ ಶ್ರವಣಶಕ್ತಿಯು ಸುಮಾರು ೮೦,೦೦೦ ಕಂಪನಗಳವರೆಗೂ ಏರುತ್ತದೆ. ಬೆದರಿದ ದೊಡ್ಡಿಲಿಯು ಸುಮಾರು ೨೨,೦೦೦ ಕಂಪನಗಳ ಕೂಗನ್ನು ಹೊರಡಿಸುತ್ತದೆ. ಆಟದ ಉಲ್ಲಾಸದಲ್ಲಿ ಸುಮಾರು ೫೦,೦೦೦ ಕಂಪನಗಳ ಚಿಲಿಪಿಲಿಯನ್ನು. ಎರಡೂ ನಮಗೆ ಕೇಳಿಸವು. ನಿಶ್ಶಬ್ದವೆಂದು ನಾವು ಭಾವಿಸುವ ಕೋಣೆಯಲ್ಲಿ ನೀರಿನ ನಲ್ಲಿ, ವಿದ್ಯುತ್ ಉಪಕರಣ, ಗಣಕಯಂತ್ರದ ತೆರೆ ಇವುಗಳಿಂದ ಶ್ರವಣಾತೀತವಾದ ಕಿರುಚಾಟವೇ ನಡೆದಿರಬಹುದು. ಅದನ್ನು ತಿಳಿಯಲು ಕಿವಿಯನ್ನು ನೆಚ್ಚದೆ ತಕ್ಕ ಶಬ್ದಗ್ರಾಹಕವನ್ನು ತಂದು ಅಳೆಯಬೇಕು.

ಬೆಳಕಿನ ವಿಷಯವೂ ಹೀಗೆಯೇ. ಇಲಿಗಳು ಇರುಳಿನ ಜೀವಿಗಳು. ಕಡುಗೆಂಪು ಬೆಳಕು ಅವುಗಳಿಗೆ ಕತ್ತಲೆಗೆ ಸಮಾನ. ನಮಗೆ ಕಾಣದ ಅತಿನೇರಳೆ ಕಿರಣಗಳು ಅವುಗಳಿಗೆ ಕಾಣುತ್ತವೆ. ಬಿಳಿಮೈಯ, ಕೆಂಪುಗಣ್ಣಿನ ತಳಿಗಳಲ್ಲಿ ಬೆಳಕನ್ನು ತಡೆಯುವ ವರ್ಣದ್ರವ್ಯವು ಕಣ್ಣಿನಲ್ಲಿಲ್ಲ. ಎಡೆಬಿಡದ ಬೆಳಕು ದೊಡ್ಡಿಲಿಯ ಅಕ್ಷಿಪಟಲವನ್ನೇ ಹಾಳುಮಾಡಬಲ್ಲುದೆಂದು ವೆರ್ನರ್ ನೋಯೆಲ್ ೧೯೬೬ರಲ್ಲಿಯೇ ತೋರಿಸಿದ್ದರು. ಮರೆಯಾಗಲು ಒಂದು ಕೆಂಪು ಪ್ಲಾಸ್ಟಿಕ್ಕಿನ ಗುಡಿಸಲನ್ನು ಪಂಜರದಲ್ಲಿರಿಸಿದರೆ ಇಲಿಗೆ ಕತ್ತಲೆ ದೊರೆಯುತ್ತದೆ, ನೋಡುವವನಿಗೆ ಇಲಿಯೂ ಕಾಣುತ್ತದೆ.

ಹಿಡಿಯುವ ಕೈ

ಪಂಜರದಿಂದ ಚಿಟ್ಟಿಲಿಯನ್ನು ಎತ್ತುವ ಹಳೆಯ ಪದ್ಧತಿಯೆಂದರೆ ಬಾಲವನ್ನು ಹಿಡಿದು ಎತ್ತುವುದು. ಅದು ಶೀಘ್ರ, ಸುಲಭ. ಕಚ್ಚುವ ಭಯವೂ ಕಡಿಮೆ. ಅನೇಕ ದಶಕಗಳ ಕಾಲ ಅದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ.

ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ೨೦೧೦ರಲ್ಲಿ ಮೂರು ಪದ್ಧತಿಗಳನ್ನು ಹೋಲಿಸಿ ನೋಡಿದರು: ಬಾಲ ಹಿಡಿದೆತ್ತುವುದು, ಬೊಗಸೆಯಲ್ಲಿ ಎತ್ತುವುದು, ಪ್ಲಾಸ್ಟಿಕ್ಕಿನ ಸಣ್ಣ ಕೊಳವೆಯೊಂದನ್ನು ಮುಂದಿಟ್ಟು, ಇಲಿಯು ಅದರೊಳಗೆ ಹೊಕ್ಕ ಮೇಲೆ ಕೊಳವೆಯನ್ನೇ ಎತ್ತುವುದು. ಬಾಲ ಹಿಡಿಸಿಕೊಂಡ ಇಲಿಗಳು ಆ ಕೈಯನ್ನು ಕಂಡರೆ ದೂರ ಸರಿದುವು, ಹೆಚ್ಚು ಮಲಮೂತ್ರ ವಿಸರ್ಜಿಸಿದುವು, ಭಯವನ್ನು ಅಳೆಯುವ ಪರೀಕ್ಷೆಗಳಲ್ಲಿ ಹೆಚ್ಚು ಬೆದರಿಕೆಯನ್ನು ತೋರಿದುವು. ಕೊಳವೆಗೂ ಬೊಗಸೆಗೂ ಒಗ್ಗಿದ ಇಲಿಗಳು ತಾವಾಗಿಯೇ ಕೈಯ ಬಳಿಗೆ ಬಂದುವು.

ಇದರ ಪರಿಣಾಮವು ಎಷ್ಟು ದೂರ ಹೋಗುತ್ತದೆಂಬುದನ್ನು ಹರ್ಸ್ಟ್ ಮತ್ತು ಕೆಲ್ಲಿ ಗೊವೇಯಾ ೨೦೧೭ರಲ್ಲಿ ತೋರಿಸಿಕೊಟ್ಟರು. ಪರಿಚಿತವಾದ ವಾಸನೆಯನ್ನು ಹೊಸ ವಾಸನೆಯಿಂದ ಇಲಿಯು ಬೇರ್ಪಡಿಸಬಲ್ಲುದೆ ಎಂಬುದು ಪರೀಕ್ಷೆ. ಕೊಳವೆಯಲ್ಲಿ ಬಂದ ಇಲಿಗಳು ಕುತೂಹಲದಿಂದ ಮೂಸಿ ನೋಡಿ ಭೇದವನ್ನು ಸ್ಪಷ್ಟವಾಗಿ ಗುರುತಿಸಿದುವು. ಬಾಲ ಹಿಡಿದು ತಂದ ಇಲಿಗಳು ಮೂಸುವ ಗೋಜಿಗೇ ಹೋಗಲಿಲ್ಲ. ಈ ಎರಡನೆಯ ಗುಂಪನ್ನು ಮಾತ್ರ ನೋಡಿದವನು ಏನೆಂದು ತೀರ್ಮಾನಿಸುವನು? ಇವುಗಳಿಗೆ ನೆನಪಿಲ್ಲ, ಬುದ್ಧಿಯಿಲ್ಲ ಎಂದು. ಅಂಥ ತೀರ್ಮಾನದಿಂದ ಒಂದು ಒಳ್ಳೆಯ ಔಷಧವನ್ನು ಕೈಬಿಡಲೂಬಹುದು. ದೋಷವು ಔಷಧದಲ್ಲಿಯೂ ಇರಲಿಲ್ಲ, ಇಲಿಯಲ್ಲಿಯೂ ಇರಲಿಲ್ಲ.

ಕೈಯಷ್ಟೇ ಏಕೆ, ಕೈಯ ಒಡೆಯನ ವಾಸನೆಯೂ ಲೆಕ್ಕಕ್ಕೆ ಬರುತ್ತದೆ. ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೆಫ್ರಿ ಮೊಗಿಲ್ ಅವರ ತಂಡವು ೨೦೧೪ರಲ್ಲಿ ಪ್ರಕಟಿಸಿದಂತೆ, ಗಂಡಸರು, ಅಥವಾ ಗಂಡಸರು ತೊಟ್ಟುಬಿಟ್ಟ ಅಂಗಿ, ಹತ್ತಿರವಿದ್ದರೆ ಇಲಿಗಳು ಉದ್ವಿಗ್ನಗೊಳ್ಳುತ್ತವೆ. ಆ ಉದ್ವೇಗವು ನೋವಿನ ಅರಿವನ್ನು ಸ್ವಲ್ಪ ಕಾಲ ಅಡಗಿಸುತ್ತದೆ. ನೋವಿನ ಔಷಧವನ್ನು ಪರೀಕ್ಷಿಸುವವರು ಇದನ್ನು ತಿಳಿಯದಿದ್ದರೆ ಅನರ್ಥವಾಗದಿರದು. ಇದಕ್ಕೆ ಪ್ರತಿಯಾಗಿ ಸಂತೋಷದ ಸಂಗತಿಯೊಂದುಂಟು. ಕಚಗುಳಿಯಿಟ್ಟರೆ ದೊಡ್ಡಿಲಿಗಳು ಮೇಲೆ ಹೇಳಿದ ೫೦,೦೦೦ ಕಂಪನಗಳ ಚಿಲಿಪಿಲಿಯನ್ನು ಹೊರಡಿಸುತ್ತವೆಂದು ಅಮೆರಿಕದ ಜಾಕ್ ಪ್ಯಾಂಕ್ಸೆಪ್ ೧೯೯೦ರ ದಶಕದ ಕೊನೆಯಲ್ಲಿ ಕಂಡುಹಿಡಿದರು. ಹೀಗೆ ಆಟವಾಡಿಸಿದ ದೊಡ್ಡಿಲಿಗಳಿಗೆ ಮನುಷ್ಯನ ಕೈಯ ಭಯ ಕಡಿಮೆಯಾಗುತ್ತದೆ.

ಮುಖದಲ್ಲಿ ಬರೆದ ನೋವು

ಬೇಟೆಗೆ ಗುರಿಯಾಗುವ ಪ್ರಾಣಿಗಳು ತಮ್ಮ ನೋವನ್ನು ಮರೆಮಾಚುತ್ತವೆ. ಕುಂಟುವ ಇಲಿಯೇ ಬೆಕ್ಕಿನ ಬಾಯಿಗೆ ಮೊದಲು ಬೀಳುವುದು. ಆದುದರಿಂದ ಇಲಿಯ ನೋವನ್ನು ತಿಳಿಯುವುದು ಸುಲಭವಲ್ಲ. ೨೦೧೦ರಲ್ಲಿ ಮೊಗಿಲ್ ಅವರ ತಂಡವೇ ಚಿಟ್ಟಿಲಿಯ ಮುಖದಲ್ಲಿ ಐದು ಲಕ್ಷಣಗಳನ್ನು ಗುರುತಿಸಿತು: ಕಣ್ಣು ಕಿರಿದಾಗುವುದು, ಮೂಗು ಉಬ್ಬುವುದು, ಕೆನ್ನೆ ಉಬ್ಬುವುದು, ಕಿವಿಗಳ ನಿಲುವು ಬದಲಾಗುವುದು, ಮೀಸೆಗಳ ನಿಲುವು ಬದಲಾಗುವುದು. ಪ್ರತಿಯೊಂದು ಲಕ್ಷಣಕ್ಕೂ ೦, ೧ ಅಥವಾ ೨ ಎಂದು ಅಂಕ ಕೊಟ್ಟು ನೋವನ್ನು ಅಂದಾಜು ಮಾಡುವರು. ಮರುವರ್ಷವೇ ದೊಡ್ಡಿಲಿಗೂ ಇಂಥದೇ ಒಂದು ಅಳತೆ ಸಿದ್ಧವಾಯಿತು. ಶಸ್ತ್ರಚಿಕಿತ್ಸೆಯ ಬಳಿಕ ಯಾವ ಪ್ರಾಣಿಗೆ ನೋವಿನ ಔಷಧ ಇನ್ನೂ ಬೇಕೆಂಬುದನ್ನು ತಿಳಿಯಲು ಈಗ ಮುಖವನ್ನು ಸಾವಧಾನವಾಗಿ ನೋಡುವ ಕಣ್ಣಿದ್ದರೆ ಸಾಕು.

ಬರಿಯ ಪೆಟ್ಟಿಗೆಯ ಪ್ರಶ್ನೆ

ಕೆನಡದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ೧೯೪೦ರ ದಶಕದಲ್ಲಿ ಕೆಲವು ದೊಡ್ಡಿಲಿಗಳನ್ನು ತಮ್ಮ ಮನೆಗೇ ಒಯ್ದು ಸಾಕಿದರು. ಮನೆಯಲ್ಲಿ ಸ್ವೇಚ್ಛೆಯಾಗಿ ಓಡಾಡಿ ಬೆಳೆದ ಇವು ಪಂಜರದಲ್ಲಿ ಬೆಳೆದವುಗಳಿಗಿಂತ ಸಮಸ್ಯೆಗಳನ್ನು ಬಿಡಿಸುವುದರಲ್ಲಿ ಮುಂದಿದ್ದುವು. ಬಳಿಕ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮಾರ್ಕ್ ರೋಸೆನ್‌ಸ್ವೈಗ್, ಮೇರಿಯನ್ ಡೈಮಂಡ್ ಮೊದಲಾದವರು ೧೯೬೦ರ ದಶಕದಲ್ಲಿ, ಒಡನಾಡಿಗಳೂ ಆಟದ ವಸ್ತುಗಳೂ ಉಳ್ಳ ಪಂಜರದ ಇಲಿಗಳಲ್ಲಿ ಮಿದುಳಿನ ಹೊರಪದರವೇ ಹೆಚ್ಚು ದಪ್ಪವಾಗಿರುವುದನ್ನು ಕಂಡರು. ಹಾಗಾದರೆ ಬರಿಯ ಪೆಟ್ಟಿಗೆಯಲ್ಲಿ ಬೆಳೆದ ಇಲಿಯನ್ನು ಸಹಜಸ್ಥಿತಿಯ ಮಾದರಿಯೆನ್ನಲು ಸಾಧ್ಯವೆ?

ಇಲ್ಲಿ ಒಂದು ಆಕ್ಷೇಪಣೆಯುಂಟು. ಗೂಡು, ಕೊಳವೆ, ಕಡಿಯಲು ಮರದ ತುಂಡು ಎಂದು ಕೊಡುತ್ತ ಹೋದರೆ ಪ್ರತಿಯೊಂದು ಇಲಿಯೂ ಬೇರೆ ಬೇರೆಯಾಗಿ ವರ್ತಿಸೀತು, ಫಲಿತಾಂಶಗಳು ಚದರಿಹೋದಾವು ಎಂದು ಹಲವರು ಅಂಜಿದರು. ೨೦೦೪ರಲ್ಲಿ ಡೇವಿಡ್ ವೊಲ್ಫರ್, ಹ್ಯಾನೊ ವ್ಯೂರ್ಬೆಲ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನೇ ಹಲವು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿ, ಪಂಜರವನ್ನು ಸಮೃದ್ಧಗೊಳಿಸುವುದರಿಂದ ಫಲಿತಾಂಶಗಳ ಚದರಿಕೆಯು ಹೆಚ್ಚುವುದಿಲ್ಲವೆಂದು ತೋರಿಸಿದರು.

ದೋಷಗಳ ಲೆಕ್ಕ

ಅಳತೆಯಲ್ಲಿ ಎರಡು ಬಗೆಯ ದೋಷಗಳಿರುವುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಒಂದು, ಪ್ರತಿಸಲವೂ ಒಂದೇ ಕಡೆಗೆ ಎಳೆಯುವ ಕ್ರಮದೋಷ. ಇನ್ನೊಂದು, ಒಮ್ಮೆ ಅತ್ತ ಒಮ್ಮೆ ಇತ್ತ ಬೀಳುವ ಅನಿಯತ ದೋಷ. ಎಲ್ಲ ಪಂಜರಗಳಿಗೂ ಸಮನಾಗಿರುವ ಚಳಿಯು ಮೊದಲನೆಯ ಬಗೆಯದು. ಇಲಿಗಳ ಸಂಖ್ಯೆಯನ್ನು ಎಷ್ಟು ಹೆಚ್ಚಿಸಿದರೂ ಅದು ಹೋಗದು. ತಪ್ಪು ಉತ್ತರವೇ ಹೆಚ್ಚು ಖಚಿತವಾಗಿ ಬರುತ್ತದೆ. ಒಂದು ಇಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆಯಾಗಿ ತಟ್ಟುವ ಭಯವು ಎರಡನೆಯ ಬಗೆಯದು. ಇದನ್ನು ಸಂಖ್ಯೆ ಹೆಚ್ಚಿಸಿ ಜಯಿಸಬಹುದು. ಆದರೆ ಆ ಬೆಲೆಯನ್ನು ತೆರುವವರಾರು?

ಒಂದು ಊಹೆಯ ಲೆಕ್ಕವನ್ನು ಮಾಡೋಣ. ಎರಡು ಗುಂಪುಗಳನ್ನು ಹೋಲಿಸುವಾಗ ಪ್ರತಿ ಗುಂಪಿನಲ್ಲಿ ಎಷ್ಟು ಇಲಿಗಳು ಬೇಕೆಂಬುದಕ್ಕೆ ಸಂಖ್ಯಾಶಾಸ್ತ್ರಜ್ಞರ ಒರಟು ಸೂತ್ರವೊಂದಿದೆ: ಅಳತೆಗಳ ಚದರಿಕೆಯನ್ನು, ನಾವು ಹುಡುಕುವ ವ್ಯತ್ಯಾಸದಿಂದ ಭಾಗಿಸಿ, ವರ್ಗಮಾಡಿ, ೧೬ರಿಂದ ಗುಣಿಸಬೇಕು. ಹುಡುಕುವ ವ್ಯತ್ಯಾಸ ೬ ಸೆಕೆಂಡು, ಚದರಿಕೆ ೧೨ ಸೆಕೆಂಡು ಎಂದಿಟ್ಟುಕೊಂಡರೆ ಗುಂಪಿಗೆ ೬೪ರಂತೆ ೧೨೮ ಇಲಿಗಳು ಬೇಕು. ಪ್ರಾಣಿಗಳನ್ನು ಶಾಂತವಾಗಿರಿಸಿ ಚದರಿಕೆಯನ್ನು ೬ ಸೆಕೆಂಡಿಗೆ ಇಳಿಸಿದೆವಾದರೆ ಗುಂಪಿಗೆ ೧೬ರಂತೆ ೩೨ ಸಾಕು. ಚದರಿಕೆ ಅರ್ಧವಾದರೆ ಇಲಿಗಳ ಸಂಖ್ಯೆ ಕಾಲುಭಾಗಕ್ಕೆ ಇಳಿಯುತ್ತದೆ. ಉಳಿದ ೯೬ ಜೀವಗಳು ಆ ಪ್ರಯೋಗಕ್ಕೆ ಬಲಿಯಾಗಬೇಕಾಗಿಲ್ಲ.

೧೯೫೯ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವಿಲಿಯಂ ರಸೆಲ್ ಮತ್ತು ಸೂಕ್ಷ್ಮಜೀವಿ ವಿಜ್ಞಾನಿ ರೆಕ್ಸ್ ಬರ್ಚ್ ಇಂಥ ಪ್ರಯೋಗಗಳಿಗೆ ಮೂರು ಸೂತ್ರಗಳನ್ನು ಹಾಕಿಕೊಟ್ಟರು. ಪ್ರಾಣಿಯಿಲ್ಲದೆ ಸಾಗುವುದಾದರೆ ಬೇರೆ ವಿಧಾನವನ್ನು ಅನುಸರಿಸಬೇಕು. ಪ್ರಾಣಿ ಬೇಕೇ ಆದರೆ ಸಂಖ್ಯೆಯನ್ನು ಕಡಿಮೆ ಮಾಡಬೇಕು. ಬಳಸುವ ಪ್ರಾಣಿಗೆ ಆಗುವ ಕಷ್ಟವನ್ನು ತಗ್ಗಿಸುವಂತೆ ವಿಧಾನವನ್ನು ಹಸನುಮಾಡಬೇಕು. ಮೇಲಿನ ಲೆಕ್ಕದಿಂದ, ಮೂರನೆಯ ಸೂತ್ರವು ಎರಡನೆಯದಕ್ಕೆ ಹೇಗೆ ನೆರವಾಗುವುದೆಂಬುದು ಕಾಣುತ್ತದೆ.

ಕಾಯಿದೆಯೂ ಕರ್ತವ್ಯವೂ

ನಮ್ಮ ದೇಶದಲ್ಲಿ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಬೆನ್ನಲ್ಲಿ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂದಿತು. ಪ್ರಾಣಿಪ್ರಯೋಗಗಳ ಮೇಲ್ವಿಚಾರಣೆಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಚಿಕ್ಕ ಪ್ರಾಣಿಗಳಿಂದ ಅದೇ ಫಲ ದೊರೆಯುವಂತಿದ್ದರೆ ದೊಡ್ಡ ಪ್ರಾಣಿಗಳನ್ನು ಬಳಸಬಾರದೆಂಬ ಸದುದ್ದೇಶದ ಮಾತೂ ಅದರಲ್ಲಿದೆ. ಆದರೆ ಇದರಿಂದ ಇಲಿಯ ಹೆಗಲಿನ ಭಾರವು ಇನ್ನಷ್ಟು ಹೆಚ್ಚುತ್ತದೆಯಲ್ಲದೆ ಇಳಿಯುವುದಿಲ್ಲ. ಅಮೆರಿಕದಲ್ಲಂತೂ ೧೯೬೬ರ ಪ್ರಾಣಿಕ್ಷೇಮ ಕಾಯಿದೆಗೆ ೨೦೦೨ರಲ್ಲಿ ಮಾಡಿದ ತಿದ್ದುಪಡಿಯು, ಸಂಶೋಧನೆಗಾಗಿ ಬೆಳೆಸಿದ ಇಲಿಗಳನ್ನು ಆ ಕಾಯಿದೆಯ 'ಪ್ರಾಣಿ' ಎಂಬ ಪದದ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಅತಿ ಹೆಚ್ಚಾಗಿ ಬಳಸಲ್ಪಡುವ ಪ್ರಾಣಿಯೇ ಹೀಗೆ ಲೆಕ್ಕದಿಂದ ತಪ್ಪಿಹೋಯಿತು.

ಇಷ್ಟನ್ನೂ ಓದಿದ ಮೇಲೆ, ಇಲಿಯ ಕ್ಷೇಮವನ್ನು ನಾವು ಬಯಸುವುದು ನಮ್ಮ ಅಂಕಿಗಳ ಹಿತಕ್ಕಾಗಿಯೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಉಪಕರಣದ ಹೋಲಿಕೆಯು ಇಲ್ಲಿಗೆ ನಿಲ್ಲುತ್ತದೆ. ಉಷ್ಣಮಾಪಕವು ಒಡೆದರೆ ನಮಗೆ ನಷ್ಟ, ಅದಕ್ಕೆ ಏನೂ ಇಲ್ಲ. ಇಲಿಗೆ ನೋವಾದರೆ ನೋಯುವುದು ಇಲಿಗೇ. ಕ್ಷೇಮದ ಕ್ರಮವೊಂದರಿಂದ ಅಂಕಿಗಳು ಎಳ್ಳಷ್ಟೂ ಉತ್ತಮವಾಗದಿರಬಹುದು; ಆಗಲೂ ಅದನ್ನು ಕೈಗೊಳ್ಳಲು ಆ ನೋವೇ ಸಾಕಷ್ಟು ಕಾರಣ. ಅಂಕಿಗಳೂ ಉತ್ತಮವಾಗುವಲ್ಲಿ ಕೈಗೊಳ್ಳದಿರುವುದಕ್ಕೆ ಯಾವ ನೆಪವೂ ಉಳಿಯುವುದಿಲ್ಲ. ತಪ್ಪು ಉತ್ತರಕ್ಕಾಗಿ ನೊಂದ ಪ್ರಾಣಿಯು ವ್ಯರ್ಥವಾಗಿ ನೊಂದಂತೆ.

ವಾಚಕರಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಔಷಧಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಅಭ್ಯಾಸ ಮಾಡುವಿರಿ. ಇಲಿಗಳ ಮೇಲೆ ನಡೆಸಿದ ಪ್ರಯೋಗದ ವರದಿಯು ಕೈಗೆ ಬಂದಾಗ ಫಲಿತಾಂಶವನ್ನು ನೋಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿ. ಕೋಣೆಯ ಉಷ್ಣತೆ ಎಷ್ಟಿತ್ತು? ಗೂಡಿಗೆ ಸಾಮಗ್ರಿ ಇತ್ತೆ? ಇಲಿಗಳು ಒಂಟಿಯಾಗಿದ್ದುವೆ, ಜೊತೆಯಲ್ಲಿದ್ದುವೆ? ಅವನ್ನು ಎತ್ತಿದ ಬಗೆ ಯಾವುದು? ನೋವಿಗೆ ಔಷಧ ಕೊಟ್ಟರೆ? ಬ್ರಿಟನ್ನಿನಲ್ಲಿ ೨೦೧೦ರಲ್ಲಿ ರೂಪಿಸಿ ೨೦೨೦ರಲ್ಲಿ ಪರಿಷ್ಕರಿಸಿದ 'ಅರೈವ್' ಎಂಬ ವರದಿನಿಯಮಗಳು ಪ್ರಾಣಿಗಳ ವಸತಿ ಮತ್ತು ಪಾಲನೆಯ ವಿವರಗಳನ್ನು ಬರೆಯಬೇಕೆಂದು ಹೇಳುತ್ತವೆ. ಆ ವಿವರಗಳಿಲ್ಲದ ವರದಿಯನ್ನು, ಉಷ್ಣಮಾಪಕವು ಯಾವುದೆಂದು ಹೇಳದೆ ಉಷ್ಣತೆಯನ್ನು ಮಾತ್ರ ಬರೆದುಕೊಂಡು ಬಂದ ವಿದ್ಯಾರ್ಥಿಯ ಪುಸ್ತಕದಂತೆ, ಹಿಂದಕ್ಕೆ ಕಳಿಸುವ ಹಕ್ಕು ನಿಮಗುಂಟು.